ಅಲ್ಲಿ ಬರೀ ಮರಳಿದೆ ಅನ್ನಬೇಡಿ

ಸಮುದ್ರದ ತಳದ ಮಾತು ಬಂದರೆ ಎಲ್ಲರ ಕಣ್ಣೂ ಹವಳದ ಮೇಲೆ. ಬಣ್ಣದ ಮೀನು, ಆಮೆ, ಹೆಚ್ಚೆಂದರೆ ಶಾರ್ಕ್. ಹವಳ ಮುಗಿದು ಮರಳು ಶುರುವಾದ ಕೂಡಲೇ ಕ್ಯಾಮೆರಾ ವಾಪಸ್ ತಿರುಗುತ್ತದೆ. "ಮುಂದೆ ಏನೂ ಇಲ್ಲ, ಬರೀ ಮರಳು" ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆ ಮರಳನ್ನೇ ನಂಬಿ ಬದುಕುವ ಮೀನೊಂದಿದೆ. ಅದರ ಹೆಸರು ಗಾರ್ಡನ್ ಈಲ್. ಹಾವುಮೀನುಗಳ ಜಾತಿ, ಕಾಂಗರ್ ಈಲ್‌ಗಳ ಕುಟುಂಬ.

ಇವುಗಳಲ್ಲಿ ಚುಕ್ಕೆ ಗಾರ್ಡನ್ ಈಲ್ ನನಗೆ ಜಾಸ್ತಿ ಇಷ್ಟ. ಉದ್ದ ಸುಮಾರು 40 ಸೆಂ.ಮೀ., ದಪ್ಪ ಒಂದು ಬೆರಳಿನಷ್ಟು. ಬಿಳಿ ಮೈ ತುಂಬ ಸಣ್ಣ ಕಪ್ಪು ಚುಕ್ಕೆ, ನಡುನಡುವೆ ಎದ್ದು ಕಾಣುವ ದೊಡ್ಡ ಮಚ್ಚೆ. ಕೆಂಪು ಸಮುದ್ರದಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೂ ಇದೆ. ಕ್ಲೌಸೆವಿಟ್ಸ್ ಮತ್ತು ಐಬ್ಲ್-ಐಬೆಸ್‌ಫೆಲ್ಟ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ವಿವರಿಸಿದ್ದು 1959ರಲ್ಲಿ. ಮಾಲ್ಡೀವ್ಸ್ ಮತ್ತು ನಿಕೋಬಾರ್‌ನ ಗಾರ್ಡನ್ ಈಲ್‌ಗಳ ಬಗ್ಗೆ ಅವರು ಬರೆದ ಲೇಖನದಲ್ಲಿ. ಡೈವಿಂಗ್‌ನಲ್ಲಿ ಹೆಸರು ಮಾಡಿದ ಹಾನ್ಸ್ ಹಾಸ್ ಅವರ ಗೌರವಕ್ಕೆ ಹೆಟೆರೊಕಾಂಗರ್ ಹಾಸಿ ಅಂತ ವೈಜ್ಞಾನಿಕ ಹೆಸರಿಟ್ಟರು.

ಇದು ಬಿಲ ತೋಡುವ ರೀತಿ ನೋಡಿ. ತಲೆಯಿಂದಲ್ಲ, ಬಾಲದಿಂದ! ಬಾಲದ ತುದಿ ಗಟ್ಟಿ, ಚೂಪು. ಅದನ್ನು ಮರಳಿಗೆ ಚುಚ್ಚಿ, ಮೈ ಅಲ್ಲಾಡಿಸುತ್ತ ಹಿಮ್ಮುಖವಾಗಿ ಇಳಿಯುತ್ತದೆ. ಸಡಿಲ ಮರಳಿನಲ್ಲಿ ತೋಡಿದ ಬಿಲ ಕುಸಿಯಬೇಕು ಅಲ್ವಾ? ಕುಸಿಯುವುದಿಲ್ಲ. ಬಾಲದ ಹತ್ತಿರದ ಚರ್ಮ ಲೋಳೆ ಬಿಡುತ್ತದೆ. ಆ ಲೋಳೆ ಮರಳಿನ ಕಣಗಳನ್ನು ಹಿಡಿದು ಅಂಟಿಸುತ್ತದೆ, ಗೋಡೆ ನಿಲ್ಲುತ್ತದೆ. ದೊಡ್ಡದಾದ ಮೇಲೆ ಈ ಮೀನು ಬಿಲ ಬಿಟ್ಟು ಪೂರ್ತಿ ಹೊರಗೆ ಬರುವುದೇ ಅಪರೂಪ.

ಹಗಲು ಅರ್ಧ ಮೈ ಹೊರಗೆ ಚಾಚಿ, ನೀರಿನ ಸೆಳೆತಕ್ಕೆ ಮುಖ ಕೊಟ್ಟು ನಿಲ್ಲುತ್ತವೆ. ಒಂದೊಂದು ಕಡೆ ನೂರಾರು. ಗಾಳಿಗೆ ತೂಗುವ ಪೈರಿನ ಹಾಗೆ ಎಲ್ಲವೂ ಒಂದೇ ದಿಕ್ಕಿಗೆ ಬಾಗಿರುತ್ತವೆ. ಸೆಳೆತ ಹೊತ್ತು ತರುವ ಪ್ಲಾಂಕ್ಟನ್ ಎಂಬ ಸಣ್ಣ ತೇಲು ಜೀವಿಗಳನ್ನು ಒಂದೊಂದಾಗಿ ನೋಡಿ ಹಿಡಿಯುತ್ತವೆ. ಆ ದೊಡ್ಡ ಕಣ್ಣುಗಳು ಇರುವುದೇ ಅದಕ್ಕೆ. ಸೆಳೆತ ಜೋರಾದರೆ ಊಟ ಹೆಚ್ಚು ಬರುತ್ತದೆ, ಆದರೆ ಮೈ ಮೇಲಿನ ಎಳೆತವೂ ಹೆಚ್ಚು. ಆಗ ಮೈಯನ್ನು ಒಂದಿಷ್ಟು ಒಳಗೆಳೆದುಕೊಂಡು, ಉಳಿದದ್ದನ್ನು ಬಾಗಿಸುತ್ತವೆ. ಜಪಾನಿನ ಓಕಿನಾವಾದ ಪ್ರಯೋಗಾಲಯದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಸೆಳೆತ ಸೆಕೆಂಡಿಗೆ ಸುಮಾರು 25 ಸೆಂ.ಮೀ. ಮುಟ್ಟಿದಾಗ ಊಟ ಬಿಟ್ಟು ಬಿಲ ಸೇರಿದವು.

ಜೋಡಿಯಾಗುವುದೂ ಬಿಲದಿಂದಲೇ. ಪಕ್ಕಪಕ್ಕದ ಬಿಲದ ಗಂಡು ಹೆಣ್ಣು ಚಾಚಿಕೊಂಡು ಮೈ ಸುತ್ತಿಕೊಳ್ಳುತ್ತವೆ, ಬಾಲ ಮಾತ್ರ ತಂತಮ್ಮ ಮನೆಯಲ್ಲಿ. ಮೊಟ್ಟೆ ಸೆಳೆತದ ಜೊತೆ ತೇಲಿ ಹೋಗುತ್ತದೆ. ಮರಿಗಳು ಎಲೆಯಂತೆ ಚಪ್ಪಟೆ, ಗಾಜಿನಂತೆ ಪಾರದರ್ಶಕ. ತೆರೆದ ಸಮುದ್ರದಲ್ಲಿ ಬೆಳೆದು ಆಮೇಲೆ ಮರಳು ಹುಡುಕಿಕೊಂಡು ಇಳಿಯುತ್ತವೆ.

2020ರಲ್ಲಿ ಟೋಕಿಯೊದ ಸುಮಿದಾ ಅಕ್ವೇರಿಯಂ ಕೊರೊನಾದಿಂದ ಮುಚ್ಚಿತ್ತು. ಜನ ಬರದೆ ಅಲ್ಲಿನ ಸುಮಾರು 300 ಗಾರ್ಡನ್ ಈಲ್‌ಗಳಿಗೆ ಮನುಷ್ಯರ ಅಭ್ಯಾಸವೇ ತಪ್ಪಿತು. ನೋಡಿಕೊಳ್ಳುವವರು ಹತ್ತಿರ ಹೋದರೂ ಮರಳೊಳಗೆ ಮಾಯ. ಅವುಗಳ ಆರೋಗ್ಯ ಪರೀಕ್ಷಿಸುವುದೂ ಕಷ್ಟವಾಯಿತು. ಕೊನೆಗೆ ಮೇ ತಿಂಗಳಲ್ಲಿ, ವಿಡಿಯೊ ಕಾಲ್ ಮಾಡಿ ಮುಖ ತೋರಿಸಿ ಅಂತ ಜನರನ್ನೇ ಕೇಳಿಕೊಂಡರು. ಸುದ್ದಿ ತಮಾಷೆಯಾಗಿ ಹರಡಿತು. ನನಗೆ ಮಾತ್ರ ಅದರಲ್ಲಿ ಕಂಡಿದ್ದು, ಎದುರಿಗೆ ಬರುವುದು ಅಪಾಯವೋ ಅಲ್ಲವೋ ಎಂದು ಕಲಿಯುವ, ಮರೆಯುವ ಜೀವ. ಸಮುದ್ರದಲ್ಲೂ ಅಷ್ಟೇ. ಡೈವರ್ ಹತ್ತಿರ ಬಂದರೆ ಸಾಲುಸಾಲಾಗಿ ಒಳಗೆ ಹೋಗುತ್ತವೆ. ನೋಡುವವನಿಗೆ ಉಳಿಯುವುದು ಖಾಲಿ ಮರಳು. "ಏನೂ ಇಲ್ಲ" ಅನ್ನೋ ಮಾತು ಅಲ್ಲೇ ಹುಟ್ಟುತ್ತದೆ.

ಆ ಮಾತಿನ ಪೆಟ್ಟು ಚಿಕ್ಕದಲ್ಲ. ಹವಳದ ಮೇಲೆ ಲಂಗರು ಬೀಳಬಾರದು ಅಂತ ಪಕ್ಕದ ಮರಳಿಗೆ ಇಳಿಸುತ್ತಾರೆ. ತಳ ಕೆರೆಯುವ ಟ್ರಾಲ್ ಬಲೆ ಎಳೆಯುವುದೂ ಇಂಥ ಸಮತಟ್ಟು ಜಾಗದಲ್ಲೇ. ಸಮುದ್ರದ ಮರಳು ಅಗೆಯುವವರಿಗೂ ಅದು ಖಾಲಿ ಜಾಗ. ಹವಳ ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಕ್ಷಿತ ಪ್ರದೇಶದ ಗೆರೆಯನ್ನು ಹವಳದ ಅಂಚಿಗೇ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಗೆರೆ ಎಳೆಯುವ ಮೊದಲು ಆ ಮರಳನ್ನೂ ಒಮ್ಮೆ ಸರ್ವೆ ಮಾಡಲಿ. ದೂರದಲ್ಲಿ ಕ್ಯಾಮೆರಾ ಇಟ್ಟು, ಮನುಷ್ಯರು ಪಕ್ಕಕ್ಕೆ ಸರಿದು, ಅವು ಹೊರಗೆ ಬರುವಷ್ಟು ಹೊತ್ತು ಕಾಯಲಿ.