ಪರ-ವಿರೋಧ: ಕಪ್ ಕೈತಪ್ಪಿದರೂ ಚೀಫ್ಸ್‌ನ 2024 ದೊಡ್ಡ ಸೀಸನ್ನೇ?

ಪರ: ಹನ್ನೊಂದಕ್ಕೆ ಹನ್ನೊಂದು

ಅಮೆರಿಕನ್ ಫುಟ್‌ಬಾಲ್ ತಂಡ ಚೀಫ್ಸ್‌ನ ಊರು ಕನ್ಸಾಸ್ ಸಿಟಿ. ಅದರ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ ನಮ್ಮ ಮನೆ. 2024ರ ನವೆಂಬರ್ 10, ಭಾನುವಾರ. ಹಾಸನದಿಂದ ಬಂದಿದ್ದ ಅಪ್ಪ ಶಾಲು ಹೊದ್ದು ಟೀವಿ ಮುಂದೆ ಕೂತಿದ್ದರು. ಡೆನ್ವರ್ ಬ್ರಾಂಕೋಸ್ ಮೇಲೆ ಚೀಫ್ಸ್ 16-14ರಿಂದ ಮುಂದಿತ್ತು. ಆದರೆ ಚೆಂಡು ಡೆನ್ವರ್ ಹತ್ತಿರ ಇತ್ತು. ಉಳಿದಿದ್ದು ಒಂದೇ ಒದೆತ, 35 ಗಜದ ಫೀಲ್ಡ್ ಗೋಲ್. ಚೆಂಡು ಕಂಬಗಳ ಮಧ್ಯೆ ಹೋದರೆ ಮೂರು ಅಂಕ, ಡೆನ್ವರ್ ಗೆಲುವು. ಅಷ್ಟು ಹತ್ತಿರದಿಂದ ತಪ್ಪೋದು ಅಪರೂಪ. ನೋಡೋಕೆ ಆಗದೆ ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಕಾವಲಿ ಮೇಲೆ ಅಕ್ಕಿ ರೊಟ್ಟಿ ಇತ್ತು.

“ತಡೆದ ಕಣಮ್ಮಾ! ಕೈಯಲ್ಲೇ ತಡೆದ!” ಅಂತ ಅಪ್ಪ ಕೂಗಿದರು. ಓಡಿ ಬಂದೆ. ಚೀಫ್ಸ್‌ನ ಲಿಯೋ ಶನಾಲ್ ಎದುರಿನವರ ಸಾಲನ್ನು ನೂಕಿಕೊಂಡು ಒಳಗೆ ನುಗ್ಗಿದ್ದ. ಒದ್ದ ಚೆಂಡು ಅವನ ಕೈಗೆ ಬಡಿದು ಅಲ್ಲೇ ಬಿತ್ತು. ರೊಟ್ಟಿ ಸೀದು ಕರಕಲಾಗಿತ್ತು, ಯಾರಿಗೂ ಅದರ ಗಮನ ಇರಲಿಲ್ಲ. ಅಪ್ಪ ಆ ದೃಶ್ಯವನ್ನು ನಾಲ್ಕು ಸಲ ಹಾಕಿಸಿ ನೋಡಿದರು. ಆಟದ ನಿಯಮ ಅವರಿಗೆ ಗೊತ್ತಿಲ್ಲ. ಆದರೂ ಕೇಳಿದರು: “ಸೋತೇ ಹೋಯ್ತು ಅನ್ನೋ ಹೊತ್ತಲ್ಲಿ ಆ ಹುಡುಗ ಅಷ್ಟು ಜೋರಾಗಿ ಯಾಕೆ ನುಗ್ಗಿದ?”

ನನ್ನ ವಾದವೂ ಅದೇ. ಆ ತಂಡ ಕೊನೆಯ ಸೆಕೆಂಡಿನವರೆಗೂ ನುಗ್ಗುತ್ತಿತ್ತು. ಆ ವರ್ಷ ಲೀಗ್ ಹಂತದಲ್ಲಿ ಎಂಟು ಅಂಕದೊಳಗೆ ತೀರ್ಮಾನವಾದ ಪಂದ್ಯಗಳು 11. ಹನ್ನೊಂದನ್ನೂ ಗೆದ್ದರು. ಒಂದೆರಡಾದರೆ ಅದೃಷ್ಟ ಅನ್ನಿ. ಹನ್ನೊಂದಕ್ಕೆ ಹನ್ನೊಂದು ಅಂದರೆ ಅದು ಅಭ್ಯಾಸ.

ಹಿಂದಿನ ವರ್ಷ ಗೆದ್ದವರಿಗೆ ಈ ಲೀಗ್ ಸುಮ್ನೆ ದಾರಿ ಬಿಡುವುದಿಲ್ಲ. ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಚಾಂಪಿಯನ್‌ಗೆ ಪ್ರತಿ ಸುತ್ತಿನಲ್ಲೂ ಕೊನೆಯ ಸರದಿ. ಸಂಬಳಕ್ಕೆ ಮಿತಿ ಇದೆ, ಹಾಗಾಗಿ ಲಜೇರಿಯಸ್ ಸ್ನೀಡ್‌ರಂಥ ಆಟಗಾರನನ್ನು ಟೆನೆಸಿ ತಂಡಕ್ಕೆ ಬಿಟ್ಟುಕೊಡಬೇಕಾಯಿತು. ಸೀಸನ್ ಶುರುವಾಗುವ ಮುಂಚೆಯೇ ಮಾರ್ಕೀಸ್ ಬ್ರೌನ್ ಭುಜಕ್ಕೆ ಪೆಟ್ಟು. ಎರಡನೇ ವಾರ ಐಸಾಯಾ ಪಚೇಕೊ ಕಾಲಿನ ಮೂಳೆ ಮುರಿತ. ನಾಲ್ಕನೇ ವಾರ ರಶಿ ರೈಸ್ ಮಂಡಿ. ಅಷ್ಟಾದರೂ 15 ಗೆಲುವು, 2 ಸೋಲು. ಚೀಫ್ಸ್ ಇತಿಹಾಸದಲ್ಲಿ ಲೀಗ್ ಹಂತದಲ್ಲಿ ಇದಕ್ಕಿಂತ ಜಾಸ್ತಿ ಗೆಲುವು ಯಾವ ವರ್ಷವೂ ಬಂದಿಲ್ಲ. ಆಮೇಲೆ ಬಫಲೋ ಬಿಲ್ಸ್ ಅನ್ನು 32-29ರಲ್ಲಿ ಸೋಲಿಸಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಹೋದರು. ಸತತ ಎರಡು ಸೂಪರ್ ಬೌಲ್ ಗೆದ್ದು ಮೂರನೆಯದಕ್ಕೂ ಹೋದ ತಂಡ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಸೂಪರ್ ಬೌಲ್ ಸೋತರಲ್ಲ ಅಂತೀರಿ. ಅದು ಒಂದು ರಾತ್ರಿ. ನಾನು ಹೇಳುತ್ತಿರುವುದು ಐದು ತಿಂಗಳ ಮಾತು. ಮಾರನೇ ದಿನವೂ ನಮ್ಮ ಬೀದಿಯಲ್ಲಿ ಒಬ್ಬರೂ ಕೆಂಪು ಬಾವುಟ ಇಳಿಸಲಿಲ್ಲ. ಅಪ್ಪ ಊರಿಗೆ ಹೊರಟಾಗ ಸೂಟ್‌ಕೇಸ್‌ನಲ್ಲಿ ಚೀಫ್ಸ್ ಟೋಪಿ ಇತ್ತು. ಈಗ ಅದನ್ನು ಹಾಕಿಕೊಂಡೇ ಹಾಸನದಲ್ಲಿ ಬೆಳಗಿನ ವಾಕಿಂಗ್ ಹೋಗುತ್ತಾರೆ.

ವಿರೋಧ: ಎಡಗಡೆಯ ಬಿರುಕು

ವಿರೋಧದ ಪಾಲು ನನಗೆ ಬಂದಿದೆ. 15 ಗೆಲುವನ್ನು ಸಣ್ಣದು ಅನ್ನಲು ನನಗೂ ಪೂರ್ತಿ ಮನಸ್ಸಿಲ್ಲ. ಆದರೂ ಲೆಕ್ಕ ನೋಡೋಣ.

17 ಪಂದ್ಯಗಳಲ್ಲಿ ಚೀಫ್ಸ್ ಗಳಿಸಿದ್ದು 385 ಅಂಕ, ಬಿಟ್ಟುಕೊಟ್ಟಿದ್ದು 326. ವ್ಯತ್ಯಾಸ 59. ಕೊನೆಯ ವಾರ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು 38-0ಯಿಂದ ಸೋತಿದ್ದು ಇದರಲ್ಲಿ ಸೇರಿದೆ, ನಿಜ. ಅದನ್ನು ಬಿಟ್ಟರೂ 15 ಗೆದ್ದ ತಂಡಕ್ಕೆ ಇದು ಕಡಿಮೆಯೇ. ಮೊದಲ ಪಂದ್ಯದಲ್ಲಿ ಬಾಲ್ಟಿಮೋರ್ ಆಟಗಾರನ ಕಾಲ್ಬೆರಳ ತುದಿ ಗೆರೆಗೆ ತಾಗದಿದ್ದರೆ ಆರು ಅಂಕದ ಟಚ್‌ಡೌನ್ ಆಗುತ್ತಿತ್ತು. ಚಾರ್ಜರ್ಸ್ ವಿರುದ್ಧ ಚೀಫ್ಸ್‌ನ ಕೊನೆಯ ಒದೆತ ಕಂಬಕ್ಕೆ ಬಡಿದು ಒಳಗೆ ಬಿತ್ತು. ಕಂಬ ಎಲ್ಲಿ ಅಭ್ಯಾಸ ಮಾಡಿತ್ತು?

ನಿಜವಾದ ತೊಂದರೆ ಇದ್ದಿದ್ದು ಎಡ ಟ್ಯಾಕಲ್ ಜಾಗದಲ್ಲಿ. ಚೆಂಡು ಎಸೆಯುವ ಪ್ಯಾಟ್ರಿಕ್ ಮಹೋಮ್ಸ್ ಬೆನ್ನ ಕಡೆ ಕಾಯುವ ಜಾಗ ಅದು. ಒಬ್ಬರಾದ ಮೇಲೆ ಒಬ್ಬರನ್ನು ಇಟ್ಟು ನೋಡಿದರು. ಕೊನೆಗೆ ಪಕ್ಕದ ಗಾರ್ಡ್ ಜಾಗದಲ್ಲಿ ಆಡುತ್ತಿದ್ದ ಜೋ ಥೂನಿಯನ್ನೇ ಎಳೆದು ತಂದರು. ಬಿಗಿ ಗೆಲುವುಗಳ ಸಂಭ್ರಮದಲ್ಲಿ ಈ ಬಿರುಕು ಮುಚ್ಚಿಹೋಯಿತು.

2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಅದೇ ಬಿರುಕು ಬಾಯಿ ಬಿಟ್ಟಿತು. ಫಿಲಡೆಲ್ಫಿಯಾ ಈಗಲ್ಸ್ ಹೆಚ್ಚುವರಿ ಆಟಗಾರರನ್ನು ನುಗ್ಗಿಸಲೇ ಇಲ್ಲ. ಮುಂದಿನ ಸಾಲಿನ ನಾಲ್ವರೇ ಸಾಕಾದರು. ಮಹೋಮ್ಸ್‌ರನ್ನು ಆರು ಸಲ ಕೆಡವಿದರು. ಅರ್ಧ ಆಟ ಮುಗಿದಾಗ 24-0, ಚೀಫ್ಸ್ ಸಾಗಿದ್ದು ಬರೀ 23 ಗಜ. ಒಂದು ಹಂತದಲ್ಲಿ 34-0. ಕೊನೆಗೆ 40-22.

ತಂಡವೂ ಇದನ್ನು ಒಂದು ರಾತ್ರಿಯ ಮಾತು ಅಂತ ಬಿಡಲಿಲ್ಲ. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿದ್ದು ಒಬ್ಬ ಎಡ ಟ್ಯಾಕಲ್ ಅನ್ನು, ಜೋಶ್ ಸಿಮನ್ಸ್‌ರನ್ನು.