ಒಂದ್ನಿಮಿಷ ಸಾರ್, ವಿಮಾನದಲ್ಲಿದೀನಿ

ಈ ವಾರವೂ ನನ್ನ ಕ್ಲೀಕೋ ಪ್ಲೈಯರ್ ಜಾಗದಲ್ಲಿಲ್ಲ. ಯಾರ ಹತ್ತಿರ ಇದೆ ಅಂತ ಗೊತ್ತು. ಕೇಳಿದರೆ ಏನು ಉತ್ತರ ಬರುತ್ತದೆ ಅಂತಲೂ ಗೊತ್ತು. ಕೇಳದೆ ಬಿಟ್ಟರೆ ಮುಂದಿನ ವಾರ ಕಂಪ್ರೆಸರ್ ಹಿಂದೆ, ಎಣ್ಣೆ ಬಟ್ಟೆಯ ಕೆಳಗೆ ಸಿಗುತ್ತದೆ ಅಂತಲೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ, ನಾನೇ ಕಟ್ಟುತ್ತಿರುವ ವಿಮಾನದ ಅರ್ಧ ಹೊದಿಸಿದ ರೆಕ್ಕೆಯ ಮುಂದೆ ಕೈಕಟ್ಟಿ ನಿಂತಿದ್ದೇನಲ್ಲ, ಸಿಟ್ಟು ಅದಕ್ಕೇ ಜಾಸ್ತಿ.

ನಿಮ್ಮ ಹ್ಯಾಂಗರಿನಲ್ಲೂ ಇದೇ ಕತೆ ಅಲ್ವಾ? ರೆಕ್ಕೆಗೆ ಅಲ್ಯೂಮಿನಿಯಂ ತಗಡು ಹೊದಿಸಿ, ತೂತಿಗೆ ತೂತು ಕೂಡಿಸಿ, ರಿವೆಟ್ ಅನ್ನುವ ಲೋಹದ ಮೊಳೆ ಹೊಡೆಯುವ ತನಕ ಜರುಗದ ಹಾಗೆ ಹಿಡಿದಿಡಲು ಕ್ಲೀಕೋ ಬೇಕು. ಬೆರಳುದ್ದದ ಸ್ಪ್ರಿಂಗ್ ಪಿನ್ನು ಅಷ್ಟೇ, ಆದರೆ ನೂರಾರು ಬೇಕು. ಎಲ್ಲ ಚುಚ್ಚಿ ಮುಗಿಸಿದರೆ ರೆಕ್ಕೆ ಥೇಟ್ ಮುಳ್ಳುಹಂದಿ. ಹಾಕೋಕೂ ಪ್ಲೈಯರ್, ತೆಗೆಯೋಕೂ ಪ್ಲೈಯರ್. ಬರಿಗೈಯಲ್ಲಿ ಆ ಸ್ಪ್ರಿಂಗ್ ಒತ್ತುತ್ತೇನೆ ಅಂತ ಹೊರಟವರ ಉಗುರು ನೋಡಿದ್ದೇನೆ, ಬೇಡ.

ಹವ್ಯಾಸಕ್ಕೆ ವಿಮಾನ ಕಟ್ಟುವ ನಮ್ಮ ಕ್ಲಬ್ಬಿನಲ್ಲಿ ಒಬ್ಬರಿದ್ದಾರೆ. ಹೆಸರು ಬೇಡ, ಒಂದ್ನಿಮಿಷ ಅಂತಲೇ ಕರೆಯೋಣ. ಬೆನ್ನ ಹಿಂದೆ ನಾವೆಲ್ಲ ಕರೆಯುವುದೂ ಹಾಗೇ. "ಒಂದ್ನಿಮಿಷ ಸಾರ್, ಈಗ ತಂದ್ಬಿಟ್ಟೆ" ಅಂತ ಅವರ ಬಾಯಿ ಹೇಳುವ ಹೊತ್ತಿಗೆ ಸಾಮಾನು ಆಗಲೇ ಅವರ ಕೈಯಲ್ಲಿರುತ್ತದೆ. ಅಂದರೆ ಕೇಳಿದ್ದಲ್ಲ, ತಿಳಿಸಿದ್ದು. ತೂತಿನ ಅಂಚು ಸವರುವ ಟೂಲ್ ಹೋಯಿತು, ಆಂಗಲ್ ಡ್ರಿಲ್ ಹೋಯಿತು, ಒಮ್ಮೆ ನಾನು ಕೂತಿದ್ದ ಸ್ಟೂಲೇ ಹೋಯಿತು, ಎದ್ದು ನೀರು ಕುಡಿದು ಬರುವಷ್ಟರಲ್ಲಿ.

ಹೋಗಲಿ, ವಾಪಸ್ ಕೊಡುವುದೇ ಇಲ್ಲ ಅಂತಿದ್ದರೆ ಒಂದು ಥರ ನೆಮ್ಮದಿ. ಇವರು ಕೊಡುತ್ತಾರೆ. ಹೇಗೆ ಕೊಡುತ್ತಾರೆ ಅನ್ನುವುದೇ ಸಮಸ್ಯೆ. ಕ್ಲೀಕೋಗಳಿಗೆ ಬಣ್ಣ ಅಂತ ಇರುವುದು ಚೆಂದಕ್ಕಲ್ಲ. 3/32 ಇಂಚಿನ ತೂತಿಗೆ ಬೆಳ್ಳಿ ಬಣ್ಣ, 1/8ಕ್ಕೆ ತಾಮ್ರದ ಬಣ್ಣ, 5/32ಕ್ಕೆ ಕಪ್ಪು. ನಾನು ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೆ. ಅವರು ಮೂರೂ ಡಬ್ಬಿ ತಗೊಂಡು ಹೋದರು, ಒಂದೇ ಡಬ್ಬಿಯಲ್ಲಿ ತಂದರು. "ಜಾಗ ಉಳೀತು ನೋಡಿ ಸಾರ್" ಅಂದರು. ಆ ಭಾನುವಾರ ಪೂರ್ತಿ ನಾನು ನೆಲದ ಮೇಲೆ ಕೂತು ಬೆಳ್ಳಿ, ತಾಮ್ರ, ಕಪ್ಪು ಅಂತ ಆರಿಸಿದೆ. ಅವರು ಪಕ್ಕದಲ್ಲಿ ನಿಂತು ವಿಮಾನ ಕಟ್ಟಲು ತಾಳ್ಮೆ ಎಷ್ಟು ಮುಖ್ಯ ಅಂತ ಹೊಸದಾಗಿ ಸೇರಿದ ಹುಡುಗನಿಗೆ ವಿವರಿಸುತ್ತಿದ್ದರು.

ರೈಟ್ ಸಹೋದರರ ಎಂಜಿನ್ ಮಾಡಿಕೊಟ್ಟ ಚಾರ್ಲಿ ಟೇಲರ್ ಅದನ್ನು ಸುಮಾರು ಆರು ವಾರದಲ್ಲಿ ಮುಗಿಸಿದರಂತೆ. ನಂಬುತ್ತೇನೆ. ಅವರ ಡ್ರಿಲ್ ಬಿಟ್ಟನ್ನು ಯಾರೂ ಒಂದ್ನಿಮಿಷಕ್ಕೆ ಕೇಳಿರಲಿಕ್ಕಿಲ್ಲ.

ಇಂಥ ಕ್ಲಬ್ಬುಗಳಿಗೆಲ್ಲ ದೊಡ್ಡಣ್ಣ ಅಂದರೆ ಅಮೆರಿಕದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. 1953ರಲ್ಲಿ ಪಾಲ್ ಪೊಬೆರೆಜ್ನಿ ವಿಸ್ಕಾನ್ಸಿನ್‌ನಲ್ಲಿ ಶುರು ಮಾಡಿದ್ದು. ಈಗ ಬೇಸಿಗೆಯಲ್ಲಿ ಆಶ್‌ಕಾಶ್‌ನಲ್ಲಿ ಅವರ ಜಾತ್ರೆ ನಡೆದರೆ ವಿಮಾನಗಳು ಸಾವಿರಗಟ್ಟಲೆ ಹಾರಿಕೊಂಡು ಬರುತ್ತವೆ. ಹುಲ್ಲಿನ ಮೇಲೆ ವಿಮಾನ, ಅದರ ರೆಕ್ಕೆಯ ಕೆಳಗೆ ಟೆಂಟು, ಟೆಂಟಿನ ಮುಂದೆ ಕುರ್ಚಿ ಹಾಕಿಕೊಂಡ ಯಜಮಾನ. ಆ ಫೋಟೋ ನೋಡಿಯೇ ನಾನು ಕ್ಲಬ್ ಸೇರಿದ್ದು. ಫೋಟೋದಲ್ಲಿ ಯಾರೂ ಪ್ಲೈಯರ್ ಹುಡುಕುತ್ತಿರಲಿಲ್ಲ. ಇನ್ನೊಂದು ತಮಾಷೆ ಗೊತ್ತಾ? ಹವ್ಯಾಸಿ ವಿಮಾನ ಅನ್ನಿಸಿಕೊಳ್ಳಬೇಕಾದರೆ ಅದರ ಬಹುಪಾಲು ಕೆಲಸವನ್ನು ಕಟ್ಟುವವರು ಕಲಿಯೋಕೆ ಅಥವಾ ಮನರಂಜನೆಗೆ ಅಂತಲೇ ಮಾಡಿರಬೇಕು, ಹಾಗಂತ ಅಲ್ಲಿನ ಕಾನೂನಿನಲ್ಲೇ ಬರೆದಿದೆ. ಮನರಂಜನೆಗೆ! ನೆಲದ ಮೇಲೆ ಕೂತು ಕ್ಲೀಕೋ ಆರಿಸುವಾಗ ಈ ಕಾನೂನು ತುಂಬಾ ನೆನಪಾಗುತ್ತದೆ.

ಕ್ಲಬ್ಬಿನ ಭಾನುವಾರ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. "ಎಲ್ಲಿಗೆ ಬಂತು ವಿಮಾನ?" "90 ಪರ್ಸೆಂಟ್ ಮುಗೀತು, ಇನ್ನು 90 ಬಾಕಿ." ನಮ್ಮೆಲ್ಲರ ವಿಮಾನಕ್ಕಿಂತ ಹಳೆಯ ಜೋಕು ಇದು, ಆದರೂ ಪ್ರತಿ ವಾರ ನಗುತ್ತೇವೆ, ನಗದಿದ್ದರೆ ಅಳಬೇಕಾಗುತ್ತದೆ. ಸಣ್ಣ ವಿಮಾನ ಹಾರಿಸಲು ಒಳ್ಳೆಯ ಹೊತ್ತು ಬೆಳಿಗ್ಗೆ, ಗಾಳಿ ಸುಮ್ಮನಿರುತ್ತದೆ. ನಮ್ಮ ಸಭೆ ಇಟ್ಟಿರುವುದೂ ಬೆಳಿಗ್ಗೆಯೇ. ಲೆಕ್ಕಪತ್ರ, ಹ್ಯಾಂಗರ್ ಬಾಗಿಲಿನ ಗಾಲಿ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ಚರ್ಚೆಯಾಗಿ ಮುಗಿಯುವ ಹೊತ್ತಿಗೆ ಹೊರಗೆ ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ, ಅದೇ ವಿಂಡ್‌ಸಾಕ್, ಉಬ್ಬಿ ರನ್‌ವೇಗೆ ಅಡ್ಡಡ್ಡ ನಿಂತಿರುತ್ತದೆ. ಆಮೇಲೆ ಯಾರೂ ಹಾರುವುದಿಲ್ಲ. ಎಲ್ಲರೂ ಹಿಂದೆ ಹಾರಿದ ಕತೆ ಹೇಳುತ್ತಾರೆ.

ಅಂಥ ಒಂದು ಸಭೆಯ ದಿನವೇ ಬಾಲದ ಪ್ರಸಂಗ ನಡೆದದ್ದು.

ನನ್ನ ವಿಮಾನದ ಬಾಲದ ಕಡೆಯ ಕೊಳವೆಗೆ ರಿವೆಟ್ ಹೊಡೆಯಬೇಕಿತ್ತು. ಇದು ಒಬ್ಬರ ಕೈಲಾಗುವ ಕೆಲಸ ಅಲ್ಲ. ಹೊರಗಡೆ ಒಬ್ಬ ರಿವೆಟ್ ಗನ್ ಹಿಡಿಯಬೇಕು, ಒಳಗಡೆ ಇನ್ನೊಬ್ಬ ಬಕಿಂಗ್ ಬಾರ್ ಅನ್ನುವ ಉಕ್ಕಿನ ಗಟ್ಟಿಯನ್ನು ರಿವೆಟ್ಟಿನ ಹಿಂಬದಿಗೆ ಒತ್ತಿ ಹಿಡಿಯಬೇಕು. ಹೊರಗಿನ ಪೆಟ್ಟಿಗೆ ಒಳಗಿನ ತುದಿ ಚಪ್ಪಟೆಯಾಗಿ, ರಿವೆಟ್ಟಿನ ದಪ್ಪಕ್ಕಿಂತ ಒಂದೂವರೆ ಪಟ್ಟು ಅಗಲ ಆದರೆ ಸರಿ. ವಾರೆಯಾದರೆ ಕೊರೆದು ತೆಗೆದು ಮತ್ತೆ ಹೊಡೆಯಬೇಕು. ಇಡೀ ಕ್ಲಬ್ಬಿನಲ್ಲಿ ಆ ಕೊಳವೆಯೊಳಗೆ ನುಗ್ಗುವಷ್ಟು ಸಣಕಲು ಮೈ, ಕೊನೆ ಮೂಲೆ ಮುಟ್ಟುವಷ್ಟು ಉದ್ದ ಕೈ, ಒಂದು ರಿವೆಟ್ಟನ್ನೂ ವಾರೆ ಮಾಡದ ಹಿಡಿತ ಇರುವುದು ಯಾರಿಗೆ ಹೇಳಿ? ಒಂದ್ನಿಮಿಷಕ್ಕೆ. ದೇವರು ಕೊಟ್ಟರೆ ಹೀಗೇ ಕೊಡುವುದು.

ಒಳಗೆ ತೂರಿಕೊಂಡರು. ಹೊರಗೆ ಮೊಣಕಾಲಿಂದ ಕೆಳಗೆ ಮಾತ್ರ ಉಳಿಯಿತು. ಒಂದು ಸಲ ತಟ್ಟಿದರೆ ಹೊಡಿ, ಎರಡು ಸಲ ತಟ್ಟಿದರೆ ನಿಲ್ಲಿಸು ಅಂತ ಒಪ್ಪಂದ. ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಅಲ್ಯೂಮಿನಿಯಂ ಕೊಳವೆಯೊಳಗಿನ ರಿಂಗ್‌ಟೋನು, ಹ್ಯಾಂಗರಿನ ಪಾರಿವಾಳಗಳೆಲ್ಲ ಎದ್ದವು.

"ಹಲೋ, ಒಂದ್ನಿಮಿಷ ಕಣೇ, ವಿಮಾನದಲ್ಲಿದೀನಿ."

ಆ ಕಡೆಯಿಂದ ಏನೋ ಕೇಳಿದರು.

"ಎಲ್ಲಿಗೂ ಇಲ್ಲ. ಬಾಲದಲ್ಲಿದೀನಿ."

ಮತ್ತೇನೋ ಕೇಳಿದರು, ಈ ಸಲ ಸ್ವಲ್ಪ ಜೋರಾಗಿ.

"ಸೀಟಿಲ್ವೇ, ಅದಕ್ಕೇ ಮಲಗಿದೀನಿ. ನೀನು ಗಾಬರಿ ಆಗ್ಬೇಡ."

ಮಾತಾಡುತ್ತ ಮಾತಾಡುತ್ತ ಅವರ ಮೊಣಕೈ ಎಲ್ಲೋ ಒಂದು ಸಲ ತಟ್ಟಿತು. ಒಪ್ಪಂದ ಅಂದರೆ ಒಪ್ಪಂದ. ಹೊಡೆದೆ. ಒಳಗಿಂದ ಬಂದ ಕೂಗಿನಲ್ಲಿ ಫೋನಿನ ಕಡೆಯವರಿಗೆ ಎಷ್ಟು, ನನಗೆ ಎಷ್ಟು ಅಂತ ಬೇರ್ಪಡಿಸುವುದು ಕಷ್ಟ. ಆ ಒಂದು ರಿವೆಟ್ ವಾರೆಯಾಯಿತು.

ಇದೇ ಹೊತ್ತಿಗೆ ಅಧ್ಯಕ್ಷರು ಸಭೆ ಶುರು ಮಾಡಿಬಿಟ್ಟರು, ಅಲ್ಲೇ ನಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿ. ಅವತ್ತಿನ ಮುಖ್ಯ ವಿಷಯ: ಇನ್ನು ಮುಂದೆ ಯಾರು ಯಾರ ಟೂಲ್ ತಗೊಂಡರೂ ರಿಜಿಸ್ಟರಿನಲ್ಲಿ ಬರೆಯಬೇಕು. ಯಾರ ದೆಸೆಯಿಂದ ಈ ನಿಯಮ ಅಂತ ಎಲ್ಲರಿಗೂ ಗೊತ್ತು. ಎಲ್ಲರೂ ಆ ಎರಡು ಕಾಲುಗಳನ್ನೇ ನೋಡುತ್ತಿದ್ದರು. ಒಪ್ಪುವವರು ಕೈ ಎತ್ತಿ ಅಂದರು ಅಧ್ಯಕ್ಷರು. ಎಲ್ಲರೂ ಎತ್ತಿದೆವು. ಕೊಳವೆಯಿಂದ ಬಲಗಾಲು ನಿಧಾನಕ್ಕೆ ಮೇಲೆದ್ದಿತು. "ನಂದೂ ಹಾಕ್ಕೊಳಿ ಸಾರ್, ಒಳ್ಳೇ ನಿಯಮ, ನನ್ನದೇ ಎಷ್ಟು ಸಾಮಾನು ಕಳೆದಿದೆ!" ಕಾಲೆತ್ತಿದ್ದನ್ನು ಮತ ಅಂತ ಲೆಕ್ಕ ಹಿಡಿಯಬಹುದಾ ಅಂತ ಕಾರ್ಯದರ್ಶಿ ಕೇಳಿದರು. ಅದರ ಚರ್ಚೆ ಸಿಲಿಂಡರಿನ ಚರ್ಚೆಗಿಂತ ಉದ್ದವಾಯಿತು. ಕೊನೆಗೆ ಸರ್ವಾನುಮತ ಅಂತ ಬರೆದುಕೊಂಡರು.

ರಿಜಿಸ್ಟರ್ ಈಗ ಬಾಗಿಲ ಹತ್ತಿರ ದಾರ ಕಟ್ಟಿ ನೇತಾಡುತ್ತಿದೆ. ಸಾಮಾನು, ತಗೊಂಡವರು, ಕೊಡುವ ಸಮಯ ಅಂತ ಗೆರೆ ಎಳೆದಿದ್ದಾರೆ. ಅವರು ತಪ್ಪದೆ ಬರೆಯುತ್ತಾರೆ, ಅಕ್ಷರ ಮುದ್ದಾಗಿದೆ. ಕೊಡುವ ಸಮಯದ ಕಾಲಮ್ಮಿನಲ್ಲಿ ಮೇಲಿಂದ ಕೆಳತನಕ ಒಂದೇ ಮಾತು: 1 ನಿಮಿಷ.

ನಮ್ಮ ನೋಟಿಸ್ ಬೋರ್ಡಿನಲ್ಲಿ ಈಚೆಗೆ ಒಂದು ಚೀಟಿ ಬಿತ್ತು. ರೆಕ್ಕೆ ಮುಗಿದಿದೆ, ಬಾಲ ಮುಗಿದಿದೆ, ಎಂಜಿನ್ ತಂದಿಲ್ಲ, ಮಾರಾಟಕ್ಕಿದೆ. ಕ್ಲಬ್ಬಿನ ಹಿರಿಯರೊಬ್ಬರದು. ಕಣ್ಣು ಮಂಜಾಗಿ ಪೈಲಟ್ ಮೆಡಿಕಲ್ ಪಾಸಾಗಲಿಲ್ಲ. ಶುರು ಮಾಡಿದವರೇ ಮುಗಿಸಬೇಕು ಅಂತೇನಿಲ್ಲ, ಎಷ್ಟೋ ವಿಮಾನಗಳು ಎರಡನೇ ಮೂರನೇ ಕೈಗೆ ಹೋದ ಮೇಲೆಯೇ ಹಾರುತ್ತವೆ, ಅದನ್ನು ಅವರೂ ಹೇಳಿಕೊಂಡು ನಕ್ಕರು. ಕೊಳ್ಳಲು ಬಂದವನಿಗೆ ಕೆಲಸದ ಲಾಗ್ ಪುಸ್ತಕ ತೋರಿಸುವಾಗ ಮಾತ್ರ ಒಂದೊಂದು ಫೋಟೋದ ಹತ್ತಿರವೂ ಜಾಸ್ತಿ ಹೊತ್ತು ನಿಲ್ಲುತ್ತಿದ್ದರು. ಮೊದಲ ಪುಟಗಳಲ್ಲಿ ಅವರ ಕೂದಲು ಕಪ್ಪಗಿತ್ತು.

ಕೊಂಡವನು ರೆಕ್ಕೆ ಲಾರಿಗೆ ಏರಿಸುವ ಮುಂಚೆ ಒಂದ್ನಿಮಿಷ ಓಡಿ ಬಂದರು. ತಪಾಸಣೆಯ ಕಿಂಡಿಯೊಳಗೆ ಟಾರ್ಚ್ ಬಿಟ್ಟು ಇಣುಕಿ ನೋಡಿದರು. "ಈ ಸಾಲು ನಾನು ಹಿಡಿದಿದ್ದು. ಇದೂ ನಂದೇ. ಇದು ನಂದಲ್ಲ, ವಾರೆ ಇದೆ" ಅಂತ ಬೆರಳಿಟ್ಟು ತೋರಿಸಿದರು. ಹಿರಿಯರಿಗೆ ಅದು ಕಾಣುತ್ತಿತ್ತೋ ಇಲ್ಲವೋ, ಹೌದು ಹೌದು ಅಂದರು. ನಾನು ಸುಮ್ನೆ ನಿಂತಿದ್ದೆ. ಅವರ ಕೈಲಿದ್ದ ಟಾರ್ಚ್ ನನ್ನದು. ಆ ಹೊತ್ತಿನಲ್ಲಿ ಕೇಳಲು ಮನಸ್ಸಾಗಲಿಲ್ಲ.

ಮುಂದಿನ ಭಾನುವಾರ ಕೇಳಿದೆ.

"ಸೆಲ್ ಮುಗಿದುಹೋಗಿದೆ ಸಾರ್, ಬರುವಾಗ ಹೊಸದು ತಗೊಂಡ್ ಬನ್ನಿ" ಅಂದರು.