ಸತ್ಯಾಂಶ: ಗುರು ಅರ್ಜನ್ ದೇವ್ ತೀರಿಕೊಂಡಾಗ ಔರಂಗಜೇಬ್ ಹುಟ್ಟೇ ಇರಲಿಲ್ಲ

ಸಿಖ್ಖರ ಐದನೇ ಗುರು ಅರ್ಜನ್ ದೇವ್ ಅವರನ್ನು ಔರಂಗಜೇಬ್ ಕೊಲ್ಲಿಸಿದ ಅನ್ನೋ ಮೆಸೇಜ್ ಆಗಾಗ ಬರುತ್ತಿರುತ್ತದೆ. ಕಳಿಸುವವರು ಗುರುಗಳ ಮೇಲಿನ ಗೌರವದಿಂದಲೇ ಕಳಿಸುತ್ತಾರೆ. ಆದರೆ ವಿಷಯ ತಪ್ಪು.

ಗುರುಗಳು ಲಾಹೋರಿನಲ್ಲಿ ಪ್ರಾಣ ಬಿಟ್ಟಿದ್ದು 1606ರಲ್ಲಿ. ಔರಂಗಜೇಬ್ ಹುಟ್ಟಿದ್ದೇ 1618ರಲ್ಲಿ. ಆಗ ಪಟ್ಟದಲ್ಲಿದ್ದವನು ಅವನ ತಾತ ಜಹಾಂಗೀರ್. ಹಿಂದೂಗಳೂ ಮುಸ್ಲಿಮರೂ ಗುರುಗಳ ಕಡೆ ಸೇರುತ್ತಿದ್ದುದು ತನಗೆ ಮೊದಲಿಂದಲೂ ಹಿಡಿಸಿರಲಿಲ್ಲ, ದಂಗೆ ಎದ್ದ ಮಗ ಖುಸ್ರೋನ ಹಣೆಗೆ ಅವರು ಕೇಸರಿ ಬೊಟ್ಟು ಇಟ್ಟರು ಅಂತ ಕೇಳಿದ ಮೇಲೆ ಕೊಲ್ಲಲು ಆಜ್ಞೆ ಕೊಟ್ಟೆ ಅಂತ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಕಾದ ಕಬ್ಬಿಣದ ಮೇಲೆ ಕೂರಿಸಿ ಬಿಸಿ ಮರಳು ಸುರಿದರು ಎಂದು ಸಿಖ್ ಪರಂಪರೆ ಹೇಳುತ್ತದೆ. ಅವರ ನೆನಪಿಗೆ ಇವತ್ತಿಗೂ ಬಿರುಬೇಸಿಗೆಯಲ್ಲಿ ದಾರಿಹೋಕರಿಗೆಲ್ಲ ತಣ್ಣಗಿನ ಸಿಹಿ ಹಾಲು ನೀರು ಹಂಚುತ್ತಾರೆ.

ಔರಂಗಜೇಬನ ಕಾಲದಲ್ಲಿ, 1675ರ ನವೆಂಬರ್‌ನಲ್ಲಿ, ದೆಹಲಿಯ ಚಾಂದನಿ ಚೌಕದಲ್ಲಿ ಶಿರಚ್ಛೇದಕ್ಕೆ ಗುರಿಯಾದವರು ಒಂಬತ್ತನೇ ಗುರು ತೇಗ್ ಬಹಾದೂರ್. ಅವರು ಅರ್ಜನ್ ದೇವ್ ಅವರ ಮೊಮ್ಮಗ. ಎರಡು ಬಲಿದಾನ ಕಲಸಿಹೋಗಿದ್ದು ಬಹುಶಃ ಇಲ್ಲೇ.

ಇಂಥ ಮೆಸೇಜ್ ಬಂದರೆ ಮೊದಲು ಇಸವಿ ಇದೆಯಾ ನೋಡಿ. ಇಲ್ಲ ಅಂದ್ರೆ ಸ್ವಲ್ಪ ಅನುಮಾನ ಪಡಿ. ಆಮೇಲೆ ಒಂದು ವಿಶ್ವಕೋಶ ತೆಗೆದು ಗುರುಗಳು ತೀರಿಕೊಂಡ ವರ್ಷ, ರಾಜ ಹುಟ್ಟಿದ ವರ್ಷ, ಅವನು ಆಳಿದ ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡು ನಿಮಿಷದ ಕೆಲಸ ಅಷ್ಟೇ.